ಹಲ್ಲಣ್ಣನಿಗೆ ನೆಟ್‌ವರ್ಕ್ ಹಿಡಿದುಕೊಟ್ಟವರು

ನಮ್ಮ ಬೆಳಗಿನ ಬಸ್ಸಿನಲ್ಲಿ ನೆಟ್‌ವರ್ಕ್ ಅನ್ನುವುದು ಒಳ್ಳೆಯ ಸಂಬಂಧವಿದ್ದ ಹಾಗೆ. ಕುದುರಿತು ಅನ್ನುವಷ್ಟರಲ್ಲಿ ತಪ್ಪಿಹೋಗಿರುತ್ತದೆ. ಬಸ್ಸು ಹೊರಡುವಾಗ ಫೋನಿನ ತಲೆಯ ಮೇಲಿನ ಕಡ್ಡಿಗಳೆಲ್ಲ ನೆಟ್ಟಗೆ ನಿಂತಿರುತ್ತವೆ. ಗೋದಾಮಿನ ಉದ್ದ ಗೋಡೆ ಶುರುವಾದೊಡನೆ ಒಂದೊಂದಾಗಿ ಕೂರುತ್ತವೆ. ರೈಲುಹಳಿಯ ಕೆಳಗಿನ ತಗ್ಗಿಗೆ ಇಳಿದಾಗ ಪೂರ್ತಿ ಮಲಗಿಬಿಡುತ್ತವೆ. ಏರು ಹತ್ತಿದ ಮೇಲೂ ಅವು ಏಳಬೇಕಾದರೆ ಬಹಳ ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಪೇಟೆ ಬಂದು ಅರ್ಧ ಜನ ಇಳಿದುಹೋಗಿರುತ್ತಾರೆ.

ಇದರಿಂದ ನನಗೇನೂ ನಷ್ಟವಿರಲಿಲ್ಲ. ಕಾಲು ಮುರಿದುಕೊಂಡು ಮಲಗಿದ್ದ ತಂಗಿಯ ಮನೆಗೆ ದಿನಾ ಹೋಗಿಬರುತ್ತಿದ್ದವಳು ನಾನು. ಲೋಕದ ಸುದ್ದಿಯೆಲ್ಲ ಅವಳ ಬಾಯಲ್ಲೇ ಸಿಗುತ್ತಿದ್ದಾಗ ನನಗೆ ಇಂಟರ್ನೆಟ್ಟು ಯಾತಕ್ಕೆ? ನಷ್ಟವಿದ್ದದ್ದು ಹಲ್ಲಣ್ಣನಿಗೆ.

ಹಲ್ಲಣ್ಣ ಪೇಟೆಯ ಒಂದು ಲ್ಯಾಬಿನಲ್ಲಿ ಕಟ್ಟುಹಲ್ಲು ಮಾಡುವವನು. ಹುಟ್ಟಿನಿಂದಲೇ ಕಿವಿ ಕೇಳಿಸದು, ಮಾತೆಲ್ಲ ಕೈಯಲ್ಲಿ. ನಮ್ಮ ತುಟಿ ನೋಡಿ ಅರ್ಧ ತಿಳಿದುಕೊಳ್ಳುತ್ತಾನೆ, ತಾನು ಹೇಳಬೇಕಾದದ್ದನ್ನು ಫೋನಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸುತ್ತಾನೆ. ಆ ಹೆಸರಿಟ್ಟವನು ಕಂಡಕ್ಟರು. ಇಟ್ಟ ಮೇಲೆ ತಪ್ಪಾಯಿತೇನೋ ಎಂದು ಹೆದರಿ ಕ್ಷಮೆ ಕೇಳಲು ಹೋದರೆ, ಅವನು ನಕ್ಕು, ಫೋನಿನಲ್ಲಿ 'ಹಲ್ಲಣ್ಣ ಚೆನ್ನಾಗಿದೆ. ನಮ್ಮ ಸಾಹುಕಾರರು ಇದಕ್ಕಿಂತ ಕೆಟ್ಟದಾಗಿ ಕರೀತಾರೆ' ಎಂದು ಬರೆದು ತೋರಿಸಿದನಂತೆ.

ನನ್ನ ಪರಿಚಯವಾದ ದಿನ ಅವನು ನನ್ನ ಬಾಯಿಯನ್ನೇ ನೋಡುತ್ತಿದ್ದ. ಆಮೇಲೆ ಬೇರೆ ಯಾರಿಗೂ ಕಾಣದಂತೆ ಅಂಗೈ ಅಡ್ಡ ಹಿಡಿದು ಫೋನು ತೋರಿಸಿದ: 'ಅಮ್ಮಾ, ನಿಮ್ಮ ಕೆಳಗಿನ ಸೆಟ್ಟು ಸಡಿಲವಾಗಿದೆ. ಬಿಡುವಾದಾಗ ಲ್ಯಾಬಿಗೆ ಬನ್ನಿ.' ನನ್ನ ಸ್ವಂತ ತಂಗಿಗೆ ಗೊತ್ತಿಲ್ಲದ ಗುಟ್ಟು ಅದು. ಅಡ್ಡ ಹಿಡಿದ ಆ ಅಂಗೈಯಿಂದಲೇ ನನಗೆ ಹುಡುಗ ಇಷ್ಟವಾದ.

ಅವನಿಗೂ ಒಬ್ಬಳು ಇಷ್ಟವಾಗಿದ್ದಳು. ಬೇರೆ ಊರಿನ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳಿಗೆ ರಾತ್ರಿ ಪಾಳಿಯ ಕೆಲಸ. ಅವಳದೂ ಕೈಮಾತೇ. ಇವನು ಕೆಲಸಕ್ಕೆ ಹೊರಟಾಗ ಅವಳು ಮುಗಿಸಿ ಕೋಣೆಗೆ ಬರುತ್ತಿದ್ದಳು. ಇವನು ಮನೆಗೆ ಬರುವ ಹೊತ್ತಿಗೆ ಅವಳು ಹೊರಟಿರುತ್ತಿದ್ದಳು. ಹಾಗಾಗಿ ಇಬ್ಬರೂ ಮುಖ ನೋಡಿಕೊಂಡು ಮಾತಾಡಲು ಸಿಗುತ್ತಿದ್ದದ್ದು ನಮ್ಮ ಬಸ್ಸಿನ ಹೊತ್ತೊಂದೇ. ನಮ್ಮಂಥವರಾದರೆ ನೆಟ್‌ವರ್ಕ್ ಅರೆಬರೆ ಇದ್ದರೂ 'ಹಲೋ, ಹಲೋ' ಎಂದು ಕಿರುಚಿ ಹೇಗೋ ಸಾಗಿಸುತ್ತೇವೆ. ಅವರಿಗೆ ಚಿತ್ರ ನಿಂತರೆ ಮಾತೇ ನಿಂತಂತೆ. ಗೋಡೆ ಬಂದೊಡನೆ ಅವಳು ಒಂದು ಕೈ ಎತ್ತಿ, ಒಂದು ಕಣ್ಣು ಅರೆಮುಚ್ಚಿ, ಬಾಯಿ ಸೊಟ್ಟಗೆ ಮಾಡಿಕೊಂಡು ಕಲ್ಲಾಗಿಬಿಡುತ್ತಿದ್ದಳು. ಅಲ್ಲಿಂದ ಪೇಟೆಯವರೆಗೂ ಹಲ್ಲಣ್ಣ ಆ ಸೊಟ್ಟ ಮುಖವನ್ನೇ ಪ್ರೀತಿಯಿಂದ ನೋಡುತ್ತ ಕೂರುತ್ತಿದ್ದ.

ಅವನು ನೆಟ್‌ವರ್ಕಿಗಾಗಿ ಸೀಟಿನಿಂದ ಸೀಟಿಗೆ ಹಾರುವುದನ್ನೂ ಫೋನು ಎತ್ತಿ ಹಿಡಿದು ಕೈಬೀಸುವುದನ್ನೂ ನೋಡಿ ಕಂಡಕ್ಟರು ಮೊದಮೊದಲು ಸೀಟಿ ಊದಿ ಬಸ್ಸು ನಿಲ್ಲಿಸಿಬಿಡುತ್ತಿದ್ದ. ವಿಷಯ ಗೊತ್ತಾದ ಮೇಲೆ ಇಡೀ ಬಸ್ಸೇ ವೈದ್ಯನಾಯಿತು.

"ಮೊದ್ಲು ಆ ಕಬ್ಬಿಣದ ಕವರು ತೆಗೀಪ್ಪಾ," ಎಂದ ಡ್ರೈವರು, ಕನ್ನಡಿಯಲ್ಲೇ ನೋಡುತ್ತಾ. "ಫೋನೋ ಅದು, ತಿಜೋರಿಯೋ?"

ಕವರು ತೆಗೆದಾಗ ಒಂದು ಕಡ್ಡಿ ಎದ್ದಿತು. ತಗ್ಗು ದಾಟಿದೊಡನೆ ವಿಮಾನದ ಗುರುತು ಒತ್ತಿ, ಮತ್ತೆ ತೆಗೆದರೆ ಫೋನು ಹೊಸದಾಗಿ ನೆಟ್‌ವರ್ಕ್ ಹುಡುಕುತ್ತದೆ ಎಂದು ಕಂಡಕ್ಟರು ಹೇಳಿಕೊಟ್ಟ. "ನಿದ್ದೆ ಹೋದೋರನ್ನ ತಟ್ಟಿ ಎಬ್ಬಿಸಿದ ಹಾಗೆ," ಎಂದ. ಅದೂ ಸ್ವಲ್ಪ ಫಲಿಸಿತು. ಕಿಟಕಿಯಿಂದ ಫೋನು ಹೊರಗೆ ಚಾಚಲು ಹೇಳಿದವರೂ ಇದ್ದರು. ಚಾಚಿದ. ಎದುರಿಗೆ ಬಂದ ಲಾರಿಯವನು ತನಗೇ ಕೈಬೀಸಿದನೆಂದು ತಿಳಿದು ಸಂತೋಷದಿಂದ ಕೈ ಬೀಸಿ ಹೋದ. ಫೋನು ಉಳಿದದ್ದು ಪುಣ್ಯ. ಕೊನೆಗೆ ಎಲ್ಲ ಸೀಟುಗಳನ್ನೂ ಪರೀಕ್ಷಿಸಿ, ಡ್ರೈವರ ಹಿಂದಿನ ಕಿಟಕಿ ಸೀಟೇ ವಾಸಿ ಎಂದು ತೀರ್ಮಾನವಾಯಿತು. ಅದು ನಾನು ಕೂರುತ್ತಿದ್ದ ಸೀಟು. ನಾನು ಪಕ್ಕಕ್ಕೆ ಸರಿದೆ. ಕೈ ಎರಡೂ ಬಿಡುವಾಗಿರಲಿ ಎಂದು ಯಾರೋ ಕೂದಲಿನ ರಬ್ಬರು ಬಿಚ್ಚಿಕೊಟ್ಟರು. ಅದರಿಂದ ಫೋನನ್ನು ಡ್ರೈವರ ಬೆನ್ನಹಿಂದಿನ ಸರಳಿಗೆ ಕಟ್ಟಿದೆವು.

ಆದರೆ ನಿಜವಾದ ಚಿಕಿತ್ಸೆ ಮ್ಯಾನೇಜರಮ್ಮನದು. ಆಕೆ ಬ್ಯಾಂಕಿನ ಶಾಖೆಯೊಂದರ ಮ್ಯಾನೇಜರು. ಬ್ಯಾಂಕು ತೆರೆಯುವ ತನಕ ಕಾಯಲಾರದೆ ಬಸ್ಸನ್ನೇ ನಡೆಸುತ್ತಿದ್ದರು.

"ನೆಟ್‌ವರ್ಕ್ ಅಂದ್ರೆ ನಲ್ಲಿ ನೀರಿದ್ದ ಹಾಗೆ," ಎಂದರು ಒಂದು ದಿನ ಎದ್ದು ನಿಂತು. "ಎಲ್ಲಾ ಮನೆಯವ್ರೂ ಒಟ್ಟಿಗೆ ತಿರುಗಿಸಿದ್ರೆ ಯಾರ ಬಿಂದಿಗೇನೂ ತುಂಬಲ್ಲ. ಗೋಡೆ ಬಂದ ತಕ್ಷಣ ಎಲ್ರೂ ಡೇಟಾ ಆಫ್ ಮಾಡಿ. ನನ್ನ ಕಂಪನಿದು ಈ ದಾರೀಲಿ ಚೆನ್ನಾಗಿ ಸಿಗತ್ತೆ, ನನ್ನ ಫೋನಿಂದ ಅವನಿಗೆ ಹಾಟ್‌ಸ್ಪಾಟ್ ಕೊಡ್ತೀನಿ."

ಅಂದಿನಿಂದ ಗೋದಾಮಿನ ಗೋಡೆ ಕಂಡೊಡನೆ ಆಕೆ "ಡೇಟಾ!" ಎನ್ನುವುದು, ನಾವೆಲ್ಲ ತಲೆ ತಗ್ಗಿಸಿ ಬೆರಳು ಒತ್ತುವುದು ವಾಡಿಕೆಯಾಯಿತು. ಪಾಠ ಕೇಳುತ್ತಿದ್ದ ಕಾಲೇಜು ಹುಡುಗಿಯರು ನಿಲ್ಲಿಸಿದರು. ಹಾಡು ಕೇಳುತ್ತಿದ್ದವರು ಹಾಡಿಲ್ಲದೆ ಕೂತರು. ತಗ್ಗಿನೊಳಗೆ ಒಂದು ಗಳಿಗೆ ಕಲ್ಲಾಗುತ್ತಿದ್ದ ಹುಡುಗಿ ಏರಿನಲ್ಲೇ ಜೀವ ಪಡೆದು ಮಾತು ಮುಂದುವರಿಸುತ್ತಿದ್ದಳು. ಇದಕ್ಕೆ ಯಾರೂ ಬೇಸರಪಟ್ಟುಕೊಳ್ಳಲಿಲ್ಲ. ಒಬ್ಬರನ್ನು ಬಿಟ್ಟು.

ಅವರು ಗೊಣಗಪ್ಪನವರು. ಅಂಗಡಿಗಳ ತಕ್ಕಡಿ ಸರಿಯಿದೆಯೇ ಎಂದು ತಪಾಸಣೆ ಮಾಡುವ ಕಚೇರಿಯವರು. ಲೋಕವೆಲ್ಲ ತಮಗೆ ಕಡಿಮೆ ತೂಗುತ್ತಿದೆ ಎಂಬ ಅನುಮಾನ ಅವರ ಮುಖದಲ್ಲಿ ಸದಾ ಇರುತ್ತಿತ್ತು. ಉಪ್ಪನ್ನೂ ಎಣ್ಣೆಯನ್ನೂ ಡಾಕ್ಟರು ಬಿಡಿಸಿದ್ದರಿಂದ ಬಸ್ಸಿನಲ್ಲಿ ಅಡುಗೆ ವೀಡಿಯೋ ನೋಡಿ ಕಣ್ಣಲ್ಲೇ ಊಟ ಮುಗಿಸುತ್ತಿದ್ದರು.

"ನನ್ನ ದುಡ್ಡು, ನನ್ನ ಡೇಟಾ," ಎನ್ನುತ್ತಿದ್ದರು. "ಯಾರದೋ ಪ್ರೇಮಕ್ಕೆ ನಾನ್ಯಾಕೆ ಉಪವಾಸ ಬೀಳಲಿ? ಇನ್ನೇನು ಒಗ್ಗರಣೆ ಹಾಕ್ಬೇಕು, ಅಷ್ಟರಲ್ಲಿ ಈಯಮ್ಮ 'ಡೇಟಾ' ಅಂತಾರೆ!"

"ಒಗ್ಗರಣೆ ಸಂಜೆ ನೋಡಿ ಸಾರ್," ಎನ್ನುತ್ತಿದ್ದ ಕಂಡಕ್ಟರು.

"ಸಂಜೆ ಮನೇಲಿ ಹೆಂಡ್ತಿ ಇರ್ತಾಳೆ. ನೋಡೋಕೂ ಬಿಡಲ್ಲ."

ಹೀಗಿರುವಾಗ ಒಂದು ಬೆಳಿಗ್ಗೆ ಹಲ್ಲಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮುಖ ಬಿಳಿಚಿಕೊಂಡು ಬಸ್ಸು ಹತ್ತಿದ. ಏನಾಯಿತೆಂದು ಕೇಳಿದೆ. ಫೋನಿನಲ್ಲಿ ಬರೆದ. ನಾನು ಓದಿದೆ. ನನ್ನ ಭುಜದ ಮೇಲಿಂದ ಮ್ಯಾನೇಜರಮ್ಮನೂ ಓದಿದರು. ಆಮೇಲೆ ಆಕೆ ಓದಿದ್ದು ಎಲ್ಲರಿಗೂ ಕೇಳಿಸಿತು.

ವಿಷಯವಿಷ್ಟೆ. ಆ ಹುಡುಗಿಗೆ ಅವಳಣ್ಣ ಬೇರೊಂದು ಸಂಬಂಧ ನೋಡಿದ್ದಾನೆ. ಇವತ್ತು ಬೆಳಿಗ್ಗೆ ಅವಳ ಕೋಣೆಗೆ ಬಂದು, ಜೊತೆಯಲ್ಲಿ ಊರಿಗೆ ಕರೆದುಕೊಂಡು ಹೋಗುತ್ತಾನೆ. 'ಕೇಳುವುದಿದ್ದರೆ ಅಣ್ಣ ಬರುವುದರೊಳಗೆ ನೀನೇ ಕೇಳು. ಮುಖ ನೋಡಿ ಕೇಳು' ಎಂದು ಅವಳು ಹೇಳಿದ್ದಾಳೆ.

"ಮೆಸೇಜಲ್ಲೇ ಕೇಳಿಬಿಡಬಾರದಾ? ತಲುಪೋದು ಗ್ಯಾರಂಟಿ," ಎಂದ ಕಂಡಕ್ಟರು.

ಹಲ್ಲಣ್ಣ ಅವನ ತುಟಿ ನೋಡಿ ತಲೆಯಾಡಿಸಿ ಬರೆದ: 'ಬರೆಯೋದು ನಾನು ಶಾಲೆಯಲ್ಲಿ ಕಲಿತದ್ದು. ಕೈಮಾತು ನನ್ನದೇ. ಇದನ್ನ ಕಲಿತ ಭಾಷೆಯಲ್ಲಿ ಕೇಳಲಾ?'

ಹಾಗಾದರೆ ಬಸ್ಸು ಬಿಟ್ಟು, ನೆಟ್‌ವರ್ಕ್ ಇರುವ ಕಡೆ ನಿಂತು ಮಾತಾಡು ಎಂದೆ ನಾನು. ಅದೂ ಆಗದಂತೆ. ಒಬ್ಬರು ಯಜಮಾನರು ಹೊಸ ಹಲ್ಲಿಗಾಗಿ ಲ್ಯಾಬಿನ ಬಾಗಿಲಲ್ಲಿ ಕಾದಿರುತ್ತಾರೆ. ಹಾಕಿಸಿಕೊಂಡು ಅಲ್ಲಿಂದ ನೇರ ಮಗಳ ಮದುವೆಗೆ ಹೋಗಬೇಕು. 'ಮಗಳ ಮದುವೆಯಲ್ಲಿ ಬಾಯಿಮುಚ್ಚಿ ನಗೋಕಾಗತ್ತಾ ಅಮ್ಮಾ?' ಎಂದು ಬರೆದ.

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎನ್ನುತ್ತಾರೆ. ಇಲ್ಲಿ ಊರವರಿಗೆಲ್ಲ ಹಲ್ಲು ಕೊಡುವವನ ಕಡಲೆಯೇ ಕೈತಪ್ಪುವ ಹಾಗಿತ್ತು.

"ನೀನು ಹೆದರಬೇಡಪ್ಪಾ, ನಾವಿದೀವಿ," ಎಂದರು ಮ್ಯಾನೇಜರಮ್ಮ. ಇಂಥ ಮಾತು ಕೇಳಿದಾಗಲೇ ನಾನು ಹೆದರಬೇಕಿತ್ತು.

ಬಸ್ಸು ಹೊರಟಿತು. ಹುಡುಗಿ ಫೋನಿನಲ್ಲಿ ಕಾಣಿಸಿಕೊಂಡಳು. ಇನ್ನೂ ಕೆಲಸದ ಅಂಗಿಯಲ್ಲೇ ಇದ್ದಳು, ಕಣ್ಣಲ್ಲಿ ನಿದ್ದೆಯಿತ್ತು. ಹಲ್ಲಣ್ಣ ಮಾತು ಶುರು ಮಾಡಿದ. ನನಗೆ ಕೈಮಾತು ಬಾರದು, ಆದರೂ ಅವನು ವಿಷಯಕ್ಕೆ ಬರದೆ ಸುತ್ತಿ ಬಳಸುತ್ತಿದ್ದಾನೆಂದು ಗೊತ್ತಾಗುತ್ತಿತ್ತು. ಗಂಡಸರು ಯಾವ ಭಾಷೆಯಲ್ಲಾದರೂ ಅಷ್ಟೇ. ಇನ್ನೇನು ವಿಷಯ ಬರಬೇಕು, ಗೋದಾಮಿನ ಗೋಡೆ ಬಂತು.

ಮ್ಯಾನೇಜರಮ್ಮ ಎದ್ದು ನಿಂತರು. "ಇವತ್ತು ಬರೀ ಡೇಟಾ ಅಲ್ಲ! ಇವತ್ತು ಫೋನೇ ಆಫ್! ಪೂರ್ತಿ ಆಫ್!"

ಹೇಳುವವರು ತಾವೇ ಮೊದಲು ಮಾಡಿ ತೋರಿಸಬೇಕೆಂಬುದು ಆಕೆಯ ಬ್ಯಾಂಕಿನ ನಿಯಮ. ತಮ್ಮ ಫೋನನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ಪಕ್ಕದ ಗುಂಡಿಯನ್ನು ಒತ್ತಿ ಹಿಡಿದರು. ಪರದೆ ಕಪ್ಪಾಯಿತು. ಹಿಂದಿನ ಸೀಟಿನವರೆಗೂ ಫೋನುಗಳು ಪಟಪಟನೆ ಕಣ್ಣು ಮುಚ್ಚಿದವು.

ಸರಳಿಗೆ ಕಟ್ಟಿದ್ದ ಫೋನಿನಲ್ಲಿ ಹುಡುಗಿ ಕೈ ಎತ್ತಿದವಳು ಹಾಗೇ ಕಲ್ಲಾದಳು. ಆಮೇಲೆ ಅವಳೂ ಮಾಯವಾದಳು.

ಹಲ್ಲಣ್ಣ ತಿರುಗಿ ಮ್ಯಾನೇಜರಮ್ಮನನ್ನು ನೋಡಿದ. ನಾವೆಲ್ಲ ನೋಡಿದೆವು. ಆಕೆ ತಮ್ಮ ಕೈಯಲ್ಲಿದ್ದ ಕಪ್ಪು ಫೋನನ್ನು ನೋಡಿಕೊಂಡರು.

"ಅಯ್ಯೋ, ಹಾಟ್‌ಸ್ಪಾಟ್ ನಂದೇ ಅಲ್ವಾ!"

"ಆನ್ ಮಾಡಿ! ಬೇಗ ಆನ್ ಮಾಡಿ ಅಮ್ಮಾ!" ಎಂದು ಕಂಡಕ್ಟರು ಕೂಗಿದ.

ಮಾಡಿದರು. ಆದರೆ ಆಕೆಯದು ಹಳೆಯ ಫೋನು. ಅದು ಕಣ್ಣು ಬಿಟ್ಟು, ಕಂಪನಿಯ ಹೆಸರು ತೋರಿಸಿ, ಸಂಗೀತ ಹಾಡಿ, ಮೈಮುರಿದು ಏಳಬೇಕಾದರೆ ಒಂದು ಸಣ್ಣ ನಿದ್ದೆ ತೆಗೆಯಬಹುದಿತ್ತು. ಅಷ್ಟರಲ್ಲಿ ತಗ್ಗು ಬಂದು ಹೋಯಿತು. ಆಗ ಬಸ್ಸಿಗೆ ಬಸ್ಸೇ ಫೋನು ಆನ್ ಮಾಡಿಕೊಂಡು ಹಾಟ್‌ಸ್ಪಾಟ್ ಕೊಡಲು ನಿಂತಿತು. ಹಲ್ಲಣ್ಣನ ಫೋನಿನಲ್ಲಿ ಸಂತೆಯ ಹಾಗೆ ಹೆಸರುಗಳು ಬಂದವು. ಯಾವುದನ್ನು ಮುಟ್ಟಿದರೂ ಪಾಸ್‌ವರ್ಡ್ ಕೇಳುತ್ತಿತ್ತು.

ಜನ ಕೂಗಿ ಹೇಳತೊಡಗಿದರು. ಕಾಲೇಜು ಹುಡುಗಿಯರು ಕೂಗಿದರು. ಹಿಂದಿನ ಸೀಟಿನವರು ಕೈಯನ್ನು ಬಾಯಿಗೆ ಕಹಳೆಯಂತೆ ಹಿಡಿದು, ಒಂದೊಂದೇ ಅಕ್ಷರ ಬಿಡಿಸಿ ಕೂಗಿದರು. ಒಬ್ಬರಂತೂ ಕೇಳಿಸಲಿಲ್ಲವೇನೋ ಎಂದು ಹತ್ತಿರ ಬಂದು ಹಲ್ಲಣ್ಣನ ಕಿವಿಯಲ್ಲೇ ಕೂಗಿದರು. ಹಲ್ಲಣ್ಣ ಎಲ್ಲರ ತುಟಿಗಳನ್ನೂ ಒಟ್ಟಿಗೆ ನೋಡಲು ಹೋಗಿ ಗಿರಗಿರನೆ ತಿರುಗುತ್ತಿದ್ದ.

"ಅವನಿಗೆ ಕೇಳಿಸಲ್ಲ ಕಣ್ರೋ! ಇಷ್ಟು ದಿನ ಆದ್ಮೇಲೂ ಗೊತ್ತಿಲ್ವಾ?" ಎಂದು ಡ್ರೈವರು ತಲೆ ಚಚ್ಚಿಕೊಂಡ. "ಊರಿಗೆಲ್ಲಾ ನಿಮ್ಮ ಪಾಸ್‌ವರ್ಡ್ ಗೊತ್ತಾಯ್ತು, ಅವನೊಬ್ಬನನ್ನ ಬಿಟ್ಟು!"

ಎಲ್ಲರೂ ನಾಚಿ ಸುಮ್ಮನಾದರು. ಆ ನಿಶ್ಶಬ್ದದಲ್ಲಿ ಹಿಂದಿನಿಂದ ಒಂದು ದನಿ ಸ್ಪಷ್ಟವಾಗಿ ಕೇಳಿಬಂತು: "...ಈಗ ಉರಿ ಸಣ್ಣ ಮಾಡಿಕೊಂಡು, ಈರುಳ್ಳಿ ಕೆಂಪಗಾಗುವವರೆಗೆ..."

ಬಸ್ಸೆಲ್ಲ ತಿರುಗಿತು. ಗೊಣಗಪ್ಪನವರು ಫೋನನ್ನು ಎದೆಗೆ ಅವಚಿಕೊಂಡರು.

"ನೀವು ಆಫ್ ಮಾಡ್ಲೇ ಇಲ್ವಾ?" ಎಂದರು ಮ್ಯಾನೇಜರಮ್ಮ.

"ಇಲ್ಲ. ಏನೀಗ? ಯಾವತ್ತೂ ಮಾಡಿಲ್ಲ. ಬರೀ ತಲೆ ತಗ್ಗಿಸಿ ಕೂತಿರ್ತೀನಿ."

"ಸಾರ್," ಎಂದ ಕಂಡಕ್ಟರು, ದೇವರನ್ನು ಕಂಡವನಂತೆ, "ನಿಮಗೆ ನೆಟ್‌ವರ್ಕ್ ಬರ್ತಾ ಇದ್ಯಾ?"

ಗೊಣಗಪ್ಪನವರು ಫೋನು ನೋಡಿಕೊಂಡರು. "ಇವತ್ತು ಬಾಳಾ ಚೆನ್ನಾಗೇ ಬರ್ತಿದೆ. ತಗ್ಗು ಬಿಟ್ರೆ ಒಂದ್ಸಲಾನೂ ನಿಂತಿಲ್ಲ," ಎಂದರು. ಹೇಳಿದ ಮೇಲೆ ಅವರಿಗೇ ಯಾಕೆಂದು ಹೊಳೆಯಿತು. ನಾವೆಲ್ಲ ನಲ್ಲಿ ನಿಲ್ಲಿಸಿ ಕೂತಿದ್ದಾಗ ನೀರೆಲ್ಲ ಅವರ ಬಿಂದಿಗೆಗೇ ಬಿದ್ದಿತ್ತು.

ಹಲ್ಲಣ್ಣ ಅವರ ಮುಖವನ್ನೇ ನೋಡುತ್ತಿದ್ದ. ಗೊಣಗಪ್ಪನವರು ಒಗ್ಗರಣೆಯನ್ನು ಒಮ್ಮೆ ನೋಡಿದರು. ನಿಟ್ಟುಸಿರು ಬಿಟ್ಟು ಅದನ್ನು ನಿಲ್ಲಿಸಿದರು. ಸೀಟುಗಳನ್ನು ಹಿಡಿದುಕೊಂಡು ಮುಂದೆ ಬಂದರು.

"ಪಾಸ್‌ವರ್ಡ್ ನಾನು ಹೇಳಲ್ಲ. ನಾನೇ ಹಾಕ್ತೀನಿ. ಎಲ್ರೂ ಆ ಕಡೆ ನೋಡಿ," ಎಂದರು. ಕೈ ಮುಚ್ಚಿಕೊಂಡು ಹಲ್ಲಣ್ಣನ ಫೋನಿನಲ್ಲಿ ಒತ್ತಿದರು. ಅದೇನೆಂದು ಇವತ್ತಿಗೂ ಬಸ್ಸಿನಲ್ಲಿ ಯಾರಿಗೂ ಗೊತ್ತಿಲ್ಲ. ಒತ್ತುವಾಗ ಅವರ ಕಿವಿ ಕೆಂಪಾದದ್ದನ್ನು ಮಾತ್ರ ನಾನು ನೋಡಿದೆ, ಆ ಕಡೆ ನೋಡಬೇಕಾಗಿತ್ತು, ಏನು ಮಾಡುವುದು.

ಹುಡುಗಿ ಮತ್ತೆ ಬಂದಳು. ಕಣ್ಣುಗಳು ಒದ್ದೆಯಾಗಿದ್ದವು. ಕೈಗಳು ಸಿಟ್ಟಿನಲ್ಲಿ ವೇಗವಾಗಿ ಓಡುತ್ತಿದ್ದವು. ಬೇಕೆಂದೇ ಫೋನು ಕಟ್ ಮಾಡಿದನೆಂದು ತಿಳಿದಿದ್ದಳೋ ಏನೋ. ಹಲ್ಲಣ್ಣ ಈ ಸಲ ಸುತ್ತಿ ಬಳಸಲಿಲ್ಲ. ಎರಡೂ ಕೈ ಎತ್ತಿ, ನಿಧಾನವಾಗಿ, ಒಂದೇ ಮಾತು ಕೇಳಿದ. ಕೈಮಾತು ಬಾರದ ನನಗೂ ಅದು ಕೇಳಿಸಿದಷ್ಟು ಚೆನ್ನಾಗಿ ತಿಳಿಯಿತು.

ಅವಳ ಕೈಗಳು ನಿಂತವು.

"ಮತ್ತೆ ನಿಂತೋಯ್ತಾ?" ಎಂದು ಮ್ಯಾನೇಜರಮ್ಮ ಪಿಸುಗುಟ್ಟಿದರು.

"ಇಲ್ಲ, ಕಣ್ಣು ಮಿಟುಕಿಸ್ತಾ ಇದಾಳೆ," ಎಂದೆ.

ಅವಳು ನೋಡುತ್ತಿದ್ದದ್ದು ಹಲ್ಲಣ್ಣನನ್ನಲ್ಲ, ಅವನ ತಲೆಯ ಹಿಂದೆ, ಪಕ್ಕದಲ್ಲಿ, ಮೇಲೆ ತುಂಬಿಕೊಂಡಿದ್ದ ನಮ್ಮ ತಲೆಗಳನ್ನು. ಅವಳು ಬೆರಳು ತೋರಿಸಿ ಏನೋ ಹೇಳಿದಳು. ಹಲ್ಲಣ್ಣ ಹಿಂದೆ ತಿರುಗಿ, ಕೈಮುಗಿದು, ಕಿಟಕಿಗಳ ಕಡೆ ತೋರಿಸಿದ.

ನಮಗೆ ಬಹಳ ನಾಚಿಕೆಯಾಯಿತು. ಬೇರೆಯವರ ಮಾತು ಕದ್ದು ಕೇಳಬಾರದೆಂದು ಮಕ್ಕಳಿಗೆ ಕಲಿಸಿದವರು ನಾವು. ಕದ್ದು ನೋಡುವುದೂ ಅದೇ ಎಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ಬಸ್ಸಿಗೆ ಬಸ್ಸೇ ಕಿಟಕಿಗೆ ಮುಖ ಮಾಡಿತು. ಮುಚ್ಚಿದ ಅಂಗಡಿಗಳ ಬಾಗಿಲುಗಳನ್ನೂ, ಒಣಗಲು ಹಾಕಿದ ಬಟ್ಟೆಗಳನ್ನೂ ಎಂದೂ ಕಾಣದವರಂತೆ ನೋಡಿದೆವು. ಡ್ರೈವರು ಒಳಗಿನ ಕನ್ನಡಿಯನ್ನು ಚಾವಣಿಗೆ ತಿರುಗಿಸಿದ.

ಆಗ ಹಲ್ಲಣ್ಣನ ನಿಲ್ದಾಣ ಬಂದುಬಿಟ್ಟಿತು.

ಉತ್ತರ ಇನ್ನೂ ಬಂದಿರಲಿಲ್ಲ. ಅವಳು ಏನೋ ಕೇಳುತ್ತಿದ್ದಳು, ಇವನು ಹೇಳುತ್ತಿದ್ದ. ಲ್ಯಾಬು ಬೀದಿಯ ಕೊನೆಯಲ್ಲಿತ್ತು. ಅದರ ಬಾಗಿಲಲ್ಲಿ ಮದುವೆಯ ಬಟ್ಟೆ ತೊಟ್ಟ ಯಜಮಾನರೊಬ್ಬರು ಬಾಯಿಗೆ ಕರವಸ್ತ್ರ ಹಿಡಿದು ನಿಂತಿದ್ದರು. ಇಳಿಯದಿದ್ದರೆ ಅವರು ಹಲ್ಲಿಲ್ಲದೆ ಮದುವೆಗೆ ಹೋಗಬೇಕು. ಇಳಿದರೆ ಹಾಟ್‌ಸ್ಪಾಟ್ ಬಸ್ಸಿನ ಜೊತೆ ಮುಂದೆ ಹೋಗುತ್ತದೆ. ಸರಳಿನಿಂದ ಫೋನು ಬಿಚ್ಚಿ ಒಂದು ಕೈಯಲ್ಲಿ ಹಿಡಿದರೆ ಅರ್ಧ ಮಾತು ಹೋಗುತ್ತದೆ. ಹಲ್ಲಣ್ಣ ಮೆಟ್ಟಿಲ ಕಡೆಗೂ ಫೋನಿನ ಕಡೆಗೂ ನೋಡಿದ.

"ಕರ್ಮ, ಕರ್ಮ," ಎಂದರು ಗೊಣಗಪ್ಪನವರು. ತಮ್ಮ ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ರಬ್ಬರು ಬಿಚ್ಚಿ ಹಲ್ಲಣ್ಣನ ಫೋನನ್ನು ಎರಡೂ ಕೈಯಲ್ಲಿ ಅವನ ಮುಖಕ್ಕೆ ಎದುರಾಗಿ ಹಿಡಿದರು. "ನಡಿ ಮಾರಾಯ. ನೀನು ಮಾತಾಡ್ತಾ ಬಾ."

ಹಿಮ್ಮುಖವಾಗಿ ಮೆಟ್ಟಿಲಿಳಿದರು. ಹಲ್ಲಣ್ಣ ಎರಡೂ ಕೈಯಲ್ಲಿ ಮಾತಾಡುತ್ತಾ ಅವರಿಗೆ ಎದುರಾಗಿ ನಡೆದ. ಬಸ್ಸು ಮುಂದೆ ಹೋಗಬೇಕಿತ್ತು, ಆದರೆ ಕಂಡಕ್ಟರಿಗೆ ಸೀಟಿ ಸಿಗಲಿಲ್ಲ, ಕೊರಳಲ್ಲೇ ನೇತಾಡುತ್ತಿತ್ತು.

"ಸಾರ್, ಕಂಬ! ಹಿಂದೆ ಕಂಬ ಇದೆ!" ಎಂದು ಡ್ರೈವರು ಕೂಗಿದ.

"ಎಡಕ್ಕೆ ಬನ್ನಿ, ಎಡಕ್ಕೆ!" ಎಂದರು ಮ್ಯಾನೇಜರಮ್ಮ ಕಿಟಕಿಯಿಂದ ಅರ್ಧ ಹೊರಗೆ ಬಾಗಿ.

"ನನ್ನ ಎಡಕ್ಕೋ, ನಿಮ್ಮ ಎಡಕ್ಕೋ? ಸರಿಯಾಗಿ ಹೇಳ್ರೀ!"

ಬೀದಿಯ ನಡುವೆ ಹಲ್ಲಣ್ಣ ತಟ್ಟನೆ ನಿಂತ. ಅವನ ಕೈಗಳು ಕೆಳಗಿಳಿದವು. ಪರದೆ ಅವನ ಕಡೆಗಿತ್ತು; ಅವಳು ಏನು ಹೇಳಿದಳೆಂದು ನಮಗೆ ಕಾಣುವಂತಿರಲಿಲ್ಲ, ಫೋನು ಹಿಡಿದಿದ್ದ ಗೊಣಗಪ್ಪನವರಿಗೂ ಕಾಣುವಂತಿರಲಿಲ್ಲ. ಅವರಿಗೆ ಕಾಣುತ್ತಿದ್ದದ್ದು ಹಲ್ಲಣ್ಣನ ಮುಖವೊಂದೇ.

"ಏನಂತೆ ಸಾರ್?" ಎಂದು ಕಂಡಕ್ಟರು ಮೆಟ್ಟಿಲಿಂದ ಕೂಗಿದ.

"ಅಳ್ತಾ ಇದಾನೆ!"

"ಅಯ್ಯೋ, ಬೇಡ ಅಂದ್ಳಾ?" ಎಂದರು ಮ್ಯಾನೇಜರಮ್ಮ.

"ತಾಳಮ್ಮಾ, ಸರಿಯಾಗಿ ನೋಡ್ತೀನಿ." ಗೊಣಗಪ್ಪನವರು ತಕ್ಕಡಿಯ ಮುಳ್ಳು ನೋಡುವವರಂತೆ ಬಗ್ಗಿ ನೋಡಿದರು. "ಇಲ್ಲ ಇಲ್ಲ! ಹಲ್ಲು ಕಾಣಿಸ್ತಾ ಇದೆ. ದವಡೆ ಹಲ್ಲಿನವರೆಗೂ ಕಾಣಿಸ್ತಾ ಇದೆ! ಒಪ್ಪಿದ್ದಾಳೆ ಕಣ್ರೀ!"

ಹಲ್ಲಣ್ಣ ನಮ್ಮ ಕಡೆ ತಿರುಗಿ, ಕಣ್ಣು ಒರೆಸಿಕೊಳ್ಳುತ್ತಾ, ಹೌದು ಹೌದೆಂದು ತಲೆಯಾಡಿಸಿದ. ಮ್ಯಾನೇಜರಮ್ಮ ಮೂಗು ಒರೆಸಿಕೊಂಡು, "ಯೋಜನೆ ಒಟ್ಟಾರೆ ಸರಿಯಾಗೇ ಇತ್ತು," ಎಂದರು.

ಕಂಡಕ್ಟರಿಗೆ ಕೊನೆಗೂ ಸೀಟಿ ಸಿಕ್ಕಿತು.

"ಸಾರ್, ಬನ್ನಿ, ಹೊರಡ್ತೀವಿ! ನಿಮ್ಮ ಆಫೀಸು ಇನ್ನೂ ಮುಂದಿದೆ!"

"ನೀವು ಹೋಗ್ರಯ್ಯಾ," ಎಂದರು ಗೊಣಗಪ್ಪನವರು ತಿರುಗಿ ನೋಡದೆಯೇ. "ಇವರದು ಇನ್ನೂ ಮುಗಿದಿಲ್ಲ. ಈಗ ತಾನೇ ಶುರುವಾಗಿದೆ."

ಬಸ್ಸು ಹೊರಟಾಗ ಅವರು ಫೋನನ್ನು ಎದೆಯೆತ್ತರಕ್ಕೆ ಹಿಡಿದುಕೊಂಡು, ಕಾಲಿನಿಂದ ನೆಲ ತಡಕುತ್ತಾ, ಲ್ಯಾಬಿನ ಬಾಗಿಲ ಕಡೆಗೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತಿದ್ದರು.